ಗಸಿಯೂ ಅದರ ನಿವ್ವಳ ಲೆಕ್ಕವೂ

ಹೊಟ್ಟೆಯಲ್ಲಿ ಹುಣ್ಣಾಗಿದೆಯೆ ಎಂಬ ಸಂಶಯ ಬಂದಾಗ, ವೈದ್ಯರು ರೋಗಿಗೆ ಒಂದು ಲೋಟ ಬೆಳ್ಳನೆಯ ಗಂಜಿಯನ್ನು ಕುಡಿಸಿ, ಆ ಬಳಿಕ ಕ್ಷ-ಕಿರಣಗಳ ಸಹಾಯದಿಂದ ಚಿತ್ರ ತೆಗೆಯುವ ಪದ್ಧತಿಯೊಂದುಂಟು. ಎಲುಬು ತಡೆಯುವಷ್ಟು ಬಲವಾಗಿ ಹೊಟ್ಟೆ ಕರುಳುಗಳು ಆ ಕಿರಣಗಳನ್ನು ತಡೆಯಲಾರವು. ಆದುದರಿಂದ ಬರಿಯ ಕರುಳು ಚಿತ್ರದಲ್ಲಿ ಸ್ಪಷ್ಟವಾಗಿ ಮೂಡುವುದಿಲ್ಲ. ಗಂಜಿಯಲ್ಲಿರುವ ಪುಡಿಯಾದರೋ ಕಿರಣಗಳನ್ನು ಚೆನ್ನಾಗಿ ತಡೆಯುತ್ತದೆ. ಅದು ಎಲ್ಲೆಲ್ಲಿ ಹರಿದು ತುಂಬಿಕೊಂಡಿದೆಯೋ ಅಲ್ಲಲ್ಲಿಯ ಆಕಾರವೆಲ್ಲ ಚಿತ್ರದಲ್ಲಿ ಎದ್ದು ಕಾಣುತ್ತದೆ. ಈ ಪುಡಿಯ ಹೆಸರು ಬೇರಿಯಂ ಸಲ್ಫೇಟು. ಸುಮಾರು 1910ರಿಂದ ಇದು ವೈದ್ಯರ ಬಳಕೆಯಲ್ಲಿದೆ. ರೋಗಿ ಒಂದು ಸಲಕ್ಕೆ ಕುಡಿಯುವ ಪುಡಿ ಹತ್ತಾರು ಗ್ರಾಂ.

ಇಲ್ಲಿಯವರೆಗೆ ವಿಚಿತ್ರವೇನೂ ಇಲ್ಲ. ಆದರೆ ಬೇರಿಯಂ ಎಂಬ ಲೋಹದ ಲವಣಗಳು ಘೋರವಾದ ವಿಷ. ಬೇರಿಯಂ ಕ್ಲೋರೈಡು ಒಂದೆರಡು ಗ್ರಾಂ ಹೊಟ್ಟೆಗೆ ಹೋದರೂ ಪ್ರಾಣಕ್ಕೇ ಅಪಾಯ. ಬೇರಿಯಂ ಕಾರ್ಬೊನೇಟನ್ನು ಇಲಿಗಳ ಪಾಷಾಣವಾಗಿ ಉಪಯೋಗಿಸುತ್ತಿದ್ದರು. ಹೀಗಿರುವಾಗ ಅದೇ ಬೇರಿಯಮ್ಮನ್ನು ಲೋಟಗಟ್ಟಲೆ ಕುಡಿದ ರೋಗಿ ಸುಖವಾಗಿ ಎದ್ದು ಮನೆಗೆ ಹೋಗುವುದು ಹೇಗೆ?

ಈ ಪ್ರಶ್ನೆಯನ್ನು ನಾವು ನಮ್ಮ ವಿದ್ಯಾರ್ಥಿಗಳಿಗೆ ಪ್ರತಿವರ್ಷವೂ ಹಾಕುತ್ತೇವೆ. "ಅದು ಕರಗುವುದಿಲ್ಲ, ಸಾರ್" ಎಂಬ ಉತ್ತರ ತಡವಿಲ್ಲದೆ ಬರುತ್ತದೆ. ಉತ್ತರ ಸರಿಯೇ. ಆದರೆ ಅದನ್ನೇ ಸಮೀಕರಣವಾಗಿ ಬರೆಯಿರಿ ಎಂದರೆ ಹತ್ತರಲ್ಲಿ ಆರು ಮಂದಿ ತಪ್ಪುತ್ತಾರೆ. ಅದೂ ಎಂತಹ ತಪ್ಪೆಂದರೆ, ಕಾಗದದ ಮೇಲೆ ವಿಷವೇ ಮಾಯವಾಗಿಬಿಡುತ್ತದೆ. ಆ ತಪ್ಪು ಯಾವುದು, ಅದರಿಂದ ಏನಾಗುತ್ತದೆ ಎಂಬುದನ್ನು ಹೇಳುವುದಕ್ಕಾಗಿಯೇ ಈ ವಿಷಯವನ್ನು ಆರಿಸಿಕೊಂಡೆವು.

ಮೊದಲೇ ಒಂದು ಮಾತು. ಬಾನುಲಿಯ ಕೋಣೆಯಲ್ಲಿ ಕರಿಯ ಹಲಗೆಯಿಲ್ಲ. ಮೇಷ್ಟರ ಕೈಯಿಂದ ಸೀಮೆಸುಣ್ಣವನ್ನು ಕಿತ್ತುಕೊಂಡು ಪಾಠ ಹೇಳು ಎಂದರೆ ಆತ ಅರ್ಧ ಮೂಕನಾದಂತೆಯೇ. ಆದುದರಿಂದ ರಸಾಯನಶಾಸ್ತ್ರಜ್ಞರ ಸಂಕೇತಾಕ್ಷರಗಳನ್ನು ಬಿಟ್ಟು ವಸ್ತುಗಳ ಹೆಸರುಗಳನ್ನೇ ಹಿಡಿದು ಸಮೀಕರಣಗಳನ್ನು ಹೇಳಿದ್ದೇವೆ. ಅಚ್ಚಿನಲ್ಲಿ ಅವನ್ನು ಬೇರೆ ಸಾಲುಗಳಾಗಿ ಬಿಡಿಸಿ ಕೊಟ್ಟಿದೆ. ಹೆಸರಿನ ನೆತ್ತಿಯ ಮೇಲಿರುವ ಕೂಡುವ ಗುರುತು ಧನವಿದ್ಯುತ್ತನ್ನೂ ಕಳೆಯುವ ಗುರುತು ಋಣವಿದ್ಯುತ್ತನ್ನೂ ಸೂಚಿಸುತ್ತದೆ. ಗುರುತು ಎರಡಿದ್ದರೆ ವಿದ್ಯುದಂಶವೂ ಎರಡು. ಕೆಳಮುಖವಾದ ಬಾಣ ಗಸಿಗೆ, ಮೇಲ್ಮುಖವಾದ ಬಾಣ ಅನಿಲಕ್ಕೆ.

ಬೇರಿಯಮ್ಮಿಗೆ ಹೋಗುವ ಮೊದಲು ಬೆಳ್ಳಿಯ ವಿಚಾರ. ಬೆಳ್ಳಿ ನೈಟ್ರೇಟನ್ನು ನೀರಿನಲ್ಲಿ ಕರಗಿಸಿದರೆ ತಿಳಿಯಾದ ದ್ರಾವಣವಾಗುತ್ತದೆ. ಅಡಿಗೆಯ ಉಪ್ಪನ್ನು, ಎಂದರೆ ಸೋಡಿಯಂ ಕ್ಲೋರೈಡನ್ನು, ಬೇರೊಂದು ಲೋಟದಲ್ಲಿ ಕರಗಿಸಿದರೆ ಅದೂ ತಿಳಿಯೇ. ಒಂದನ್ನು ಇನ್ನೊಂದಕ್ಕೆ ಸುರಿದ ಕ್ಷಣದಲ್ಲಿಯೇ ಹಾಲು ಒಡೆದಂತೆ ಬಿಳಿಯ ಮೊಸರು ಹುಟ್ಟಿ, ಮೆಲ್ಲಮೆಲ್ಲನೆ ತಳದಲ್ಲಿ ಕೂರುತ್ತದೆ. ಮನೆಯಲ್ಲಿ ನಾವು ಗಸಿ ಎನ್ನುವ ಇದಕ್ಕೆ ಶಾಸ್ತ್ರದಲ್ಲಿ ಪ್ರಕ್ಷೇಪವೆಂದು ಹೆಸರು. ಪುಸ್ತಕಗಳು ಮೊದಲು ಬರೆಯುವ ಸಾಲು ಹೀಗಿದೆ:

ಬೆಳ್ಳಿ ನೈಟ್ರೇಟು + ಸೋಡಿಯಂ ಕ್ಲೋರೈಡು → ಬೆಳ್ಳಿ ಕ್ಲೋರೈಡು ↓ + ಸೋಡಿಯಂ ನೈಟ್ರೇಟು

ತೂಕದ ಲೆಕ್ಕಕ್ಕೆ ಈ ಸಾಲಿನಲ್ಲಿ ತಪ್ಪಿಲ್ಲ. ಅಂಗಡಿಯಿಂದ ಎಷ್ಟು ಉಪ್ಪು ತರಬೇಕು, ಎಷ್ಟು ಗಸಿ ದೊರೆತೀತು ಎಂಬುದನ್ನು ಇದರಿಂದ ತಿಳಿಯಬಹುದು. ಆದರೆ ಲೋಟದಲ್ಲಿ ನಡೆದುದನ್ನು ಇದು ಇದ್ದಂತೆ ಹೇಳುತ್ತದೆಯೆ? ಸೋಡಿಯಂ ಕ್ಲೋರೈಡಿನ ಬದಲು ಪೊಟಾಸಿಯಂ ಕ್ಲೋರೈಡನ್ನು ಹಾಕಿ ನೋಡಿ: ಅದೇ ಬಿಳಿಯ ಮೊಸರು. ಹೈಡ್ರೋಕ್ಲೋರಿಕ್ ಆಮ್ಲವನ್ನು ಹಾಕಿ ನೋಡಿ: ಅದೇ ಮೊಸರು. ಕಣ್ಣಿಗೆ ಒಂದೇ ಎಂದು ಕಂಡರೆ ಸಾಲದು, ಕಾವಿನ ಲೆಕ್ಕವನ್ನೂ ಕೇಳಬೇಕು. ದ್ರಾವಣಗಳು ತಕ್ಕಷ್ಟು ತೆಳುವಾಗಿದ್ದರೆ, ಒಂದು ಮೋಲಿನಷ್ಟು ಬೆಳ್ಳಿ ಕ್ಲೋರೈಡು ಗಸಿಗಟ್ಟುವಾಗ ಹೊರಬೀಳುವ ಶಾಖ ಸುಮಾರು 65 ಕಿಲೋಜೂಲು. ಅದು ಯಾವ ಕ್ಲೋರೈಡಿನಿಂದ ಬಂತೆಂಬುದನ್ನು ಈ ಶಾಖ ಲಕ್ಷಿಸುವುದೇ ಇಲ್ಲ. ಹಾಗಾದರೆ ನಾವು ಬರೆದ ಬೇರೆ ಬೇರೆ ಸಮೀಕರಣಗಳ ಹಿಂದೆ ಇದ್ದ ಘಟನೆ ಒಂದೇ ಎಂದಾಯಿತು.

ಇದಕ್ಕೆ ಕಾರಣ ತಿಳಿದದ್ದು ಸ್ವೀಡನ್ನಿನ ಸ್ವಾಂಟೆ ಅರ‍್ಹೇನಿಯಸನಿಂದ. ಉಪ್ಪು ನೀರಿನಲ್ಲಿ ಕರಗಿದಾಗ ಅದು ಉಪ್ಪಾಗಿಯೇ ಉಳಿಯುವುದಿಲ್ಲ, ವಿದ್ಯುದಂಶವುಳ್ಳ ತುಣುಕುಗಳಾಗಿ ಬೇರ್ಪಡುತ್ತದೆ ಎಂಬುದು ಅವನ ವಾದ. ಅಂತಹ ತುಣುಕುಗಳಿಗೆ ಅಯಾನುಗಳು, ಎಂದರೆ ಸಂಚರಿಸತಕ್ಕವು, ಎಂಬ ಹೆಸರನ್ನು ಫ್ಯಾರಡೆ 1834ರಲ್ಲಿಯೇ ಬಳಕೆಗೆ ತಂದಿದ್ದ. ಆದರೆ ವಿದ್ಯುತ್ತನ್ನು ಹರಿಯಿಸಿದರೇ ಅವು ಹುಟ್ಟುವುವೆಂದು ಆಗಿನವರ ಎಣಿಕೆ. ವಿದ್ಯುತ್ತು ಹರಿಯಲಿ ಬಿಡಲಿ, ಕರಗಿದೊಡನೆಯೇ ಅಯಾನುಗಳು ಬಿಡಿಬಿಡಿಯಾಗಿರುವುವು ಎಂದು ಹೇಳುವುದಕ್ಕೆ ಧೈರ್ಯ ಬೇಕಾಗಿತ್ತು. ಅರ‍್ಹೇನಿಯಸನು 1884ರಲ್ಲಿ ಉಪ್ಸಾಲಾ ವಿಶ್ವವಿದ್ಯಾನಿಲಯಕ್ಕೆ ಒಪ್ಪಿಸಿದ ಪ್ರಬಂಧಕ್ಕೆ ಪರೀಕ್ಷಕರು ಕೆಳದರ್ಜೆಯನ್ನು ಕೊಟ್ಟರು. 1903ರಲ್ಲಿ ಆತನಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಉತ್ತರಪತ್ರಿಕೆಗಳನ್ನು ತಿದ್ದುವ ನಮ್ಮಂತಹವರು ಈ ಸಂಗತಿಯನ್ನು ಆಗಾಗ ನೆನೆಯುವುದು ಒಳ್ಳೆಯದು.

ಈ ದೃಷ್ಟಿಯಿಂದ ಎರಡನೆಯ ಸಾಲನ್ನು ಬರೆಯೋಣ. ಕರಗಿ ಬೇರ್ಪಟ್ಟಿರುವುದನ್ನು ಬೇರ್ಪಡಿಸಿ, ಗಟ್ಟಿಯಾಗಿರುವುದನ್ನು ಇಡಿಯಾಗಿ ಬರೆಯತಕ್ಕದ್ದು:

ಬೆಳ್ಳಿ⁺ + ನೈಟ್ರೇಟು⁻ + ಸೋಡಿಯಂ⁺ + ಕ್ಲೋರೈಡು⁻ → ಬೆಳ್ಳಿ ಕ್ಲೋರೈಡು ↓ + ಸೋಡಿಯಂ⁺ + ನೈಟ್ರೇಟು⁻

ಸೋಡಿಯಂ ಎಡದಲ್ಲಿ ಹೇಗಿತ್ತೋ ಬಲದಲ್ಲಿಯೂ ಹಾಗೆಯೇ ಇದೆ. ನೈಟ್ರೇಟೂ ಹಾಗೆಯೇ. ಎರಡನ್ನೂ ಎರಡು ಕಡೆಗಳಿಂದಲೂ ಹೊಡೆದುಹಾಕಿದರೆ ಉಳಿಯುವುದು ಇಷ್ಟು:

ಬೆಳ್ಳಿ⁺ + ಕ್ಲೋರೈಡು⁻ → ಬೆಳ್ಳಿ ಕ್ಲೋರೈಡು ↓

ಇದೇ ನಿವ್ವಳ ಅಯಾನು ಸಮೀಕರಣ. ಮಂಡಿಯ ವರ್ತಕರು ಗೋಣಿಯ ತೂಕವನ್ನು ಕಳೆದು ನಿವ್ವಳ ತೂಕ ಹೇಳುತ್ತಾರಲ್ಲವೆ, ಆ ನಿವ್ವಳವೇ ಇದು. ಸಂಸ್ಕೃತದಿಂದ ಉದ್ದನೆಯ ಪದವೊಂದನ್ನು ತಂದು ಹೂಡುವುದಕ್ಕಿಂತ ಮಂಡಿಯ ಮಾತೇ ಇಲ್ಲಿ ಸೊಗಸೆಂದು ನಮಗೆ ತೋರುತ್ತದೆ.

ಹೊಡೆದುಹಾಕಿದ ಅಯಾನುಗಳಿಗೆ ಪ್ರೇಕ್ಷಕರೆಂದು ಹೆಸರಿಡುವುದು ವಾಡಿಕೆ. ಮದುವೆಗೆ ಬಂದ ನೆಂಟರೆಂದರೂ ಸಲ್ಲುತ್ತದೆ: ಚಪ್ಪರದ ತುಂಬ ಅವರೇ ಇದ್ದರೂ ತಾಳಿ ಕಟ್ಟುವವನೊಬ್ಬ, ಕಟ್ಟಿಸಿಕೊಳ್ಳುವವಳೊಬ್ಬಳು. ಹಾಗೆಂದು ನೆಂಟರನ್ನು ಇಲ್ಲವೆನ್ನಲಾಗದು. ಬರಿಯ ಬೆಳ್ಳಿ ಅಯಾನುಗಳನ್ನು ತುಂಬಿದ ಸೀಸೆ ಯಾವ ಅಂಗಡಿಯಲ್ಲಿಯೂ ದೊರೆಯದು. ಧನವಿದ್ಯುತ್ತಿಗೆ ಸರಿದೂಗುವಷ್ಟು ಋಣವಿದ್ಯುತ್ತು ಜೊತೆಯಲ್ಲಿಯೇ ಇರಬೇಕು. ಗಸಿ ಕೂತ ಮೇಲೆ ಮೇಲಿನ ತಿಳಿಯನ್ನು ಸೋಸಿ ಬತ್ತಿಸಿದರೆ ಸೋಡಿಯಂ ನೈಟ್ರೇಟಿನ ಹರಳುಗಳು ಮೂಡುವುವು. ಮೊದಲನೆಯ ಸಾಲು ಹೇಳಿದ ಸೋಡಿಯಂ ನೈಟ್ರೇಟು ನಿಜವಾಗಿ ಹುಟ್ಟುವುದು ಆಗಲೇ, ಲೋಟದಲ್ಲಿ ಅಲ್ಲ.

ನಿವ್ವಳ ಸಮೀಕರಣವನ್ನು ತಿಳಿದವನಿಗೆ ಪರೀಕ್ಷೆಗಳ ಮಿತಿಯೂ ತಿಳಿಯುತ್ತದೆ. ಬಾವಿಯ ನೀರಿಗೆ ಬೆಳ್ಳಿ ನೈಟ್ರೇಟನ್ನು ಹನಿಸಿದಾಗ ಬಿಳಿಯ ಕದಡು ಕಂಡರೆ, ನೀರಿನಲ್ಲಿ ಕ್ಲೋರೈಡು ಇದೆಯೆಂದು ಊಹಿಸಬಹುದು. ಆ ಕ್ಲೋರೈಡು ನೆಲದ ಉಪ್ಪಿನಿಂದ ಬಂತೋ ಪಕ್ಕದ ಬಚ್ಚಲಗುಂಡಿಯಿಂದ ಜಿನುಗಿತೋ ಎಂಬುದನ್ನು ಗಸಿ ಹೇಳಲಾರದು. ಸಮೀಕರಣದಲ್ಲಿ ಇಲ್ಲದ ಸಂಗತಿಯನ್ನು ಗಸಿಯಿಂದ ಓದಲು ಹೊರಟವರನ್ನು ನಾವು ಕಂಡಿದ್ದೇವೆ.

ಇನ್ನು ಯಾವುದನ್ನು ಬೇರ್ಪಡಿಸಬೇಕು, ಯಾವುದನ್ನು ಬಾರದು? ಕರಗುವ ಲವಣಗಳನ್ನೂ ಪ್ರಬಲವಾದ ಆಮ್ಲ ಕ್ಷಾರಗಳನ್ನೂ ಬೇರ್ಪಡಿಸಬೇಕು. ಕರಗದ ಘನವಸ್ತುವನ್ನೂ, ಅನಿಲವನ್ನೂ, ನೀರನ್ನೂ, ಹುಳಿಹೆಂಡದ ಆಮ್ಲದಂತಹ ದುರ್ಬಲವಾದ ಆಮ್ಲಗಳನ್ನೂ ಇಡಿಯಾಗಿಯೇ ಬಿಡಬೇಕು. ಕರಗುವಿಕೆಯ ವಿಚಾರದಲ್ಲಿ ಮನಸ್ಸಿನಲ್ಲಿಡಬೇಕಾದುದು ಹೆಚ್ಚೇನಿಲ್ಲ. ನೈಟ್ರೇಟುಗಳೆಲ್ಲವೂ, ಸೋಡಿಯಂ ಪೊಟಾಸಿಯಂ ಅಮೋನಿಯಂಗಳ ಸಾಮಾನ್ಯ ಲವಣಗಳೂ ಕರಗುವುವು. ಕ್ಲೋರೈಡುಗಳಲ್ಲಿ ಬೆಳ್ಳಿ ಸೀಸಗಳವೂ ಪಾದರಸದ ಒಂದು ಬಗೆಯದೂ ಹಟ ಹಿಡಿಯುವುವು. ಸಲ್ಫೇಟುಗಳಲ್ಲಿ ಬೇರಿಯಂ, ಸ್ಟ್ರಾನ್ಷಿಯಂ, ಸೀಸ. ಕಾರ್ಬೊನೇಟುಗಳಲ್ಲಿ ಕರಗುವುವೇ ಕೆಲವು. ಸಲ್ಫೇಟು, ನೈಟ್ರೇಟುಗಳಂತಹ ಕೂಡು ಅಯಾನುಗಳನ್ನು ಮತ್ತೆ ಗಂಧಕ, ಆಮ್ಲಜನಕಗಳಾಗಿ ಒಡೆಯಕೂಡದು. ಅವು ನೀರಿನಲ್ಲಿ ಒಟ್ಟಾಗಿಯೇ ತಿರುಗುವುವು. ಅಡಿಗೆಯ ಉಪ್ಪಿಗೆ ಪೆಟ್ಲುಪ್ಪನ್ನು ಬೆರೆಸಿ ಈ ಕ್ರಮದಲ್ಲಿ ಬರೆದರೆ ಎಲ್ಲವೂ ಹೊಡೆದುಹೋಗಿ ಬರಿಯ ಬಾಣ ಉಳಿಯುತ್ತದೆ. ಅಲ್ಲಿ ಯಾವ ಕ್ರಿಯೆಯೂ ನಡೆಯಲಿಲ್ಲವೆಂದೇ ಅದರ ಅರ್ಥ.

ಬರೆದಾದ ಮೇಲೆ ಎರಡು ಬಾರಿ ಎಣಿಸಬೇಕು: ಪರಮಾಣುಗಳನ್ನೊಮ್ಮೆ, ವಿದ್ಯುದಂಶಗಳನ್ನೊಮ್ಮೆ. ಸೀಸದ ಅಯಾನಿಗೆ ಎರಡು ಧನಾಂಶ, ಅಯೊಡೈಡಿಗೆ ಒಂದೇ ಋಣಾಂಶ. ಆದುದರಿಂದ ಸೀಸದ ಅಯೊಡೈಡಿನ ಚೆಲುವಾದ ಹಳದಿ ಗಸಿಗೆ

ಸೀಸ⁺⁺ + 2 ಅಯೊಡೈಡು⁻ → ಸೀಸದ ಅಯೊಡೈಡು ↓

ಎಂದು ಬರೆದಾಗಲೇ ಲೆಕ್ಕ ಸರಿಹೋಗುವುದು. ಎರಡೆಂಬ ಅಂಕಿಯನ್ನು ಮರೆತವನು ವಿದ್ಯುತ್ತನ್ನು ಶೂನ್ಯದಲ್ಲಿ ಕಳೆದಂತಾಯಿತು.

ಈಗ ಬೇರಿಯಮ್ಮಿಗೆ ಬರೋಣ. ತರಗತಿಯಲ್ಲಿ ನಾವು ತೋರಿಸುವ ಪ್ರಯೋಗಗಳಲ್ಲಿ ಇದರಷ್ಟು ಮನಸ್ಸಿಗೆ ಹಿಡಿಯುವಂತಹುದು ಇನ್ನೊಂದಿಲ್ಲ. ಬೇರಿಯಂ ಹೈಡ್ರಾಕ್ಸೈಡಿನ ತೆಳುವಾದ ದ್ರಾವಣದಲ್ಲಿ ಎರಡು ಕಡ್ಡಿಗಳನ್ನು ಮುಳುಗಿಸಿ, ಅವುಗಳ ಮೂಲಕ ಒಂದು ವಿದ್ಯುದ್ದೀಪಕ್ಕೆ ಸಂಬಂಧ ಕಲ್ಪಿಸಿರುತ್ತೇವೆ. ದ್ರಾವಣದಲ್ಲಿ ಅಯಾನುಗಳಿರುವುದರಿಂದ ದೀಪ ಉರಿಯುತ್ತಿರುತ್ತದೆ. ಮೇಲಿನಿಂದ ಸಲ್ಫ್ಯೂರಿಕ್ ಆಮ್ಲವನ್ನು ಹನಿಹನಿಯಾಗಿ ಬಿಡುತ್ತ ಕಲಕುತ್ತ ಹೋಗುತ್ತೇವೆ. ಬಿಳಿಯ ಗಸಿ ಏಳುತ್ತದೆ, ದೀಪ ಮಂಕಾಗುತ್ತದೆ, ಇನ್ನಷ್ಟು ಹನಿಗಳು ಬಿದ್ದಂತೆ ಒಳಗಿನ ತಂತಿ ಬರಿಯ ಕೆಂಪು ಎಳೆಯಾಗುತ್ತದೆ, ಕೊನೆಗೆ ಆರಿಯೇ ಹೋಗುತ್ತದೆ. ಹಿಂದಿನ ಬೆಂಚಿನ ಪಿಸುಮಾತು ಸಹ ಆಗ ನಿಲ್ಲುತ್ತದೆ. ಮತ್ತೆ ಕೆಲವು ಹನಿ ಆಮ್ಲವನ್ನು ಬಿಟ್ಟರೆ ದೀಪ ಪುನಃ ಹೊತ್ತಿಕೊಳ್ಳುತ್ತದೆ.

ಹಿಂದಿನ ಬೆಳ್ಳಿಯ ಪ್ರಯೋಗದಲ್ಲಿ ಇದೇ ದೀಪವನ್ನು ಇಟ್ಟಿದ್ದರೆ ಅದು ಆರುತ್ತಿರಲಿಲ್ಲ. ಸೋಡಿಯಂ ನೈಟ್ರೇಟುಗಳೆಂಬ ನೆಂಟರು ಚಪ್ಪರದಲ್ಲಿಯೇ ಓಡಾಡುತ್ತಿರುತ್ತಿದ್ದರು. ಇಲ್ಲಿಯಾದರೋ ಪ್ರೇಕ್ಷಕರೇ ಇಲ್ಲ. ಬೇರಿಯಮ್ಮೂ ಸಲ್ಫೇಟೂ ಸೇರಿ ಗಸಿಯಾಗಿ ಕೂತುವು. ಹೈಡ್ರೋಜನ್ನೂ ಹೈಡ್ರಾಕ್ಸೈಡೂ ಸೇರಿ ನೀರಾದುವು:

ಬೇರಿಯಂ⁺⁺ + 2 ಹೈಡ್ರಾಕ್ಸೈಡು⁻ + 2 ಹೈಡ್ರೋಜನ್⁺ + ಸಲ್ಫೇಟು⁻⁻ → ಬೇರಿಯಂ ಸಲ್ಫೇಟು ↓ + 2 ನೀರು

ಹೊಡೆದುಹಾಕುವುದಕ್ಕೆ ಒಂದಾದರೂ ದೊರೆಯದು. ಅಯಾನುಗಳು ಬಹುಮಟ್ಟಿಗೆ ತೀರಿದ ಕ್ಷಣವನ್ನು ದೀಪವೇ ಸಾರಿತು. ಇದನ್ನು ಮನೆಯಲ್ಲಿ ಮಾಡಿ ನೋಡಬೇಡಿರೆಂದು ಒತ್ತಿ ಹೇಳುತ್ತೇವೆ. ಬೇರಿಯಂ ಹೈಡ್ರಾಕ್ಸೈಡೂ ವಿಷವೇ, ಬರಿಯ ಕಡ್ಡಿಗಳಲ್ಲಿ ಹರಿಯುವ ವಿದ್ಯುತ್ತೂ ಆಟದ ವಸ್ತುವಲ್ಲ.

ರೋಗಿ ಕುಡಿಯುವ ಗಂಜಿಯಲ್ಲಿರುವುದು ಈ ಗಸಿಯೇ. ಒಂದು ಲೀಟರು ನೀರಿನಲ್ಲಿ ಕರಗುವ ಬೇರಿಯಂ ಸಲ್ಫೇಟು ಎರಡೂವರೆ ಮಿಲಿಗ್ರಾಂ ಸಹ ಇಲ್ಲವೆನ್ನಬಹುದು. ಜಠರದಲ್ಲಿ ಹೈಡ್ರೋಕ್ಲೋರಿಕ್ ಆಮ್ಲವಿದೆಯಲ್ಲ, ಅದು ಕರಗಿಸದೆ? ಹೈಡ್ರೋಜನ್ ಅಯಾನನ್ನು ಬಿಗಿಯಾಗಿ ಹಿಡಿದುಕೊಳ್ಳುವ ಸ್ವಭಾವ ಸಲ್ಫೇಟಿಗೆ ಇಲ್ಲ. ಆದುದರಿಂದ ಆಮ್ಲ ಬಂದರೂ ಗಸಿಯ ಕಟ್ಟು ಸಡಿಲುವುದಿಲ್ಲ. ವಿಷಕಾರಿಯಾದುದು ಬೇರಿಯಂ ಎಂಬ ಹೆಸರಲ್ಲ, ಬಿಡುಗಡೆಯಾದ ಬೇರಿಯಂ ಅಯಾನು. ಹೊಟ್ಟೆಯಲ್ಲಿರುವುದು ಸಂಕೋಲೆ ಹಾಕಿದ ಬೇರಿಯಂ. ಅದು ಬಂದ ದಾರಿಯನ್ನು ಮುಂದುವರಿಸಿ ಹೊರಟುಹೋಗುತ್ತದೆ.

ಬೇರಿಯಂ ಕಾರ್ಬೊನೇಟಿನ ಗತಿಯೇನು? ಅದೂ ಬಿಳಿಯ ಪುಡಿ. ಅದೂ ಬರಿಯ ನೀರಿನಲ್ಲಿ ಕರಗುವುದು ಅತ್ಯಲ್ಪ. ಎರಡು ಪುಡಿಗಳನ್ನು ಎರಡು ಲೋಟ ನೀರಿನಲ್ಲಿ ಕದಡಿ ಮುಂದಿಟ್ಟರೆ ಕಣ್ಣು ಬೇರೆಮಾಡಲಾರದು. ಜಠರದ ಆಮ್ಲದೊಡನೆ ಅದರ ಕ್ರಿಯೆಯನ್ನು ಬರೆಯಿರೆಂದಾಗ ನಮ್ಮ ವಿದ್ಯಾರ್ಥಿ ಮಾಡುವ ತಪ್ಪನ್ನು ಈಗ ನೋಡಿ. ಲವಣವೆಂದು ಕಂಡೊಡನೆ ಆತ ಅದನ್ನು ಅಯಾನುಗಳಾಗಿ ಬಿಡಿಸುತ್ತಾನೆ. ಅದು ಕರಗದ ಘನವೆಂಬುದನ್ನು ಮರೆಯುತ್ತಾನೆ. ಎಡದಲ್ಲಿ ಬೇರಿಯಂ⁺⁺, ಬಲದಲ್ಲಿ ಬೇರಿಯಂ⁺⁺. ಎರಡು ಕಡೆಯೂ ಇದೆಯೆಂದು ಪ್ರೇಕ್ಷಕನೆಂದು ತಿಳಿದು ಹೊಡೆದುಹಾಕುತ್ತಾನೆ. ಅವನಿಗೆ ದೊರೆಯುವ ನಿವ್ವಳ ಇದು:

ಕಾರ್ಬೊನೇಟು⁻⁻ + 2 ಹೈಡ್ರೋಜನ್⁺ → ನೀರು + ಇಂಗಾಲದ ಡೈ ಆಕ್ಸೈಡು ↑

ಅಣುವಿನ ಲೆಕ್ಕ ಸರಿಯಾಗಿದೆ. ವಿದ್ಯುತ್ತಿನ ಲೆಕ್ಕವೂ ಸರಿಯಾಗಿದೆ. ನೋಡಿದವರಿಗೆ ಸೋಡಾ ನೀರು ಕುಡಿದಷ್ಟೇ ನಿರಪಾಯವೆಂದು ತೋರುತ್ತದೆ. ಸರಿಯಾದುದು ಹೀಗೆ:

ಬೇರಿಯಂ ಕಾರ್ಬೊನೇಟು (ಘನ) + 2 ಹೈಡ್ರೋಜನ್⁺ → ಬೇರಿಯಂ⁺⁺ + ನೀರು + ಇಂಗಾಲದ ಡೈ ಆಕ್ಸೈಡು ↑

ಎಡದಲ್ಲಿ ಸೆರೆಯಲ್ಲಿದ್ದ ಬೇರಿಯಂ ಬಲದಲ್ಲಿ ಬಿಡುಗಡೆಯಾಗಿ ನಿಂತಿದೆ. ಅನಿಲವಾದರೋ ಗುಳ್ಳೆಗಳಾಗಿ ಹೊರಟುಹೋಗುವುದರಿಂದ ಕ್ರಿಯೆ ಹಿಂದಿರುಗುವ ಮಾತೂ ಇಲ್ಲ. ಇಲಿಪಾಷಾಣದ ಗುಟ್ಟೆಲ್ಲ ಈ ಒಂದು ಸಾಲಿನಲ್ಲಿದೆ.

ಇದು ಪರೀಕ್ಷೆಯ ಅಂಕಗಳಿಗೆ ಮಾತ್ರ ಸಂಬಂಧಪಟ್ಟ ವಿಷಯವೆಂದು ಯಾರಾದರೂ ಭಾವಿಸಿಯಾರು. 2003ರಲ್ಲಿ ಬ್ರೆಜಿಲ್ ದೇಶದಲ್ಲಿ, ಕ್ಷ-ಕಿರಣದ ಚಿತ್ರಕ್ಕಾಗಿ ಕೊಟ್ಟ ಬೇರಿಯಂ ಸಲ್ಫೇಟಿನಲ್ಲಿ ಬೇರಿಯಂ ಕಾರ್ಬೊನೇಟು ಬೆರೆತಿತ್ತು. ರೋಗವನ್ನು ಕಂಡುಕೊಳ್ಳಲೆಂದು ಹೋದವರಲ್ಲಿ ಹಲವರು ಆ ಗಂಜಿಯಿಂದಲೇ ಪ್ರಾಣ ಕಳೆದುಕೊಂಡರು. ಬಣ್ಣದಿಂದಾಗಲಿ ನೀರಿನಲ್ಲಿ ಕದಡಿ ನೋಡುವುದರಿಂದಾಗಲಿ ಆ ಬೆರಕೆ ತಿಳಿಯುವಂತಹುದಲ್ಲ. ಚಿಟಿಕೆ ಪುಡಿಯ ಮೇಲೆ ತೆಳುವಾದ ಹೈಡ್ರೋಕ್ಲೋರಿಕ್ ಆಮ್ಲವನ್ನು ಬಿಟ್ಟು, ಸೋಸಿ, ಸೋಸಿದ ತಿಳಿಗೆ ಒಂದು ಹನಿ ಸಲ್ಫ್ಯೂರಿಕ್ ಆಮ್ಲವನ್ನು ಹಾಕಿದರೆ ಸಾಕು: ಶುದ್ಧವಾದ ಪುಡಿಯಾದರೆ ತಿಳಿ ತಿಳಿಯಾಗಿಯೇ ಇರುತ್ತದೆ, ಬೆರಕೆಯಾದರೆ ಬಿಡುಗಡೆಗೊಂಡ ಬೇರಿಯಂ ಮತ್ತೆ ಬಿಳಿಯ ಗಸಿಯಾಗಿ ತಾನು ಇದ್ದುದನ್ನು ತೋರಿಸಿಕೊಡುತ್ತದೆ.

ಬೇರಿಯಂ ವಿಷವನ್ನು ನುಂಗಿದವನಿಗೆ ಮಾಡುವ ಉಪಚಾರವೂ ಇದೇ ಗಸಿಯನ್ನು ನಂಬಿದೆ. ಸೋಡಿಯಂ ಸಲ್ಫೇಟನ್ನೋ, ಭೇದಿಗೆ ಕೊಡುವ ಎಪ್ಸಂ ಉಪ್ಪನ್ನೋ, ಎಂದರೆ ಮೆಗ್ನೀಸಿಯಂ ಸಲ್ಫೇಟನ್ನೋ, ನೀರಿನಲ್ಲಿ ಕರಗಿಸಿ ವೈದ್ಯರು ಕುಡಿಸುತ್ತಾರೆ. ಎರಡರಲ್ಲಿ ಯಾವುದನ್ನು ಕೊಟ್ಟರೂ ನಿವ್ವಳ ಒಂದೇ:

ಬೇರಿಯಂ⁺⁺ + ಸಲ್ಫೇಟು⁻⁻ → ಬೇರಿಯಂ ಸಲ್ಫೇಟು ↓

ವಿಷ ಕರುಳಿನಲ್ಲಿರುವವರೆಗೆ ಈ ಸಾಲು ಕೆಲಸಮಾಡುತ್ತದೆ. ರಕ್ತಕ್ಕೆ ಸೇರಿಹೋದ ಬೇರಿಯಂ ರಕ್ತದ ಪೊಟಾಸಿಯಮ್ಮನ್ನು ಅಪಾಯಕರವಾಗಿ ತಗ್ಗಿಸಿಬಿಡುವುದರಿಂದ, ವೈದ್ಯರು ಅಲ್ಲಿಗೆ ಪೊಟಾಸಿಯಮ್ಮನ್ನು ಬೇರೆಯಾಗಿಯೇ ಒದಗಿಸಬೇಕಾಗುತ್ತದೆ.

ಕಳೆದ ಸಲ ಈ ಪಾಠವಾದ ಮೇಲೆ ಒಬ್ಬ ಹುಡುಗ, "ಹಾಗಾದರೆ ಮೆಗ್ನೀಸಿಯಂ ಬರಿಯ ಪ್ರೇಕ್ಷಕ ತಾನೆ, ಸಾರ್?" ಎಂದು ಕೇಳಿದ. ಸಮೀಕರಣದಲ್ಲಿ ಪ್ರೇಕ್ಷಕನೇ, ಸಂದೇಹವಿಲ್ಲ. ಆದರೆ ಎಪ್ಸಂ ಉಪ್ಪನ್ನು ಕುಡಿದವನ ಕರುಳನ್ನು ಕೇಳಿದರೆ ಅದು ಬೇರೆ ಉತ್ತರ ಹೇಳೀತು. ಗಸಿಯನ್ನು ಬೇಗನೆ ಹೊರಗೆ ಸಾಗಿಸುವುದರಲ್ಲಿ ಅದರ ಪಾಲೂ ಇದೆ.